ಗೋಲ್‌ಕೀಪರ್ ಬದಲಾದ ದಿನ

ಫುಟ್‌ಬಾಲ್ ಅಷ್ಟು ಹೊತ್ತಿಗೆ ಜಯಸಿಂಹನಿಂದ ಒಂದು ಮೊಣಕಾಲು, ಮಕ್ಕಳ ಜೊತೆ ಕಳೆಯಬೇಕಿದ್ದ ಭಾನುವಾರಗಳು, ಹೆಂಡತಿಯ ಅರ್ಧ ತಾಳ್ಮೆ, ಇಷ್ಟನ್ನು ವಸೂಲು ಮಾಡಿತ್ತು. ಗುರುವಾರ ಸಂಜೆ ಚೆಂಬೂರು ಸ್ಟೇಷನ್ನಿನಿಂದ ಹೊರಬಂದು ಎದುರಿನ ಉಡುಪಿ ಹೋಟೆಲಿನ ಕಡೆ ನೋಡಿದಾಗ, ಕೊಡುವುದು ಇನ್ನೂ ಬಾಕಿ ಇದೆ ಅನ್ನಿಸಿತು.

ರಸ್ತೆ ಬದಿಯ ಗಾಜಿನ ಪಕ್ಕದ ಟೇಬಲ್ಲಿನಲ್ಲಿ ಅವನ ತಂಡದ ಗೋಲ್‌ಕೀಪರ್ ಸಾಯಬಣ್ಣ ಕೂತಿದ್ದ. ಎದುರಿಗೆ ಸೀತಾರಾಮ. ಶನಿವಾರ ಆಡಬೇಕಾಗಿದ್ದ ಎದುರಾಳಿ ತಂಡದ ಮ್ಯಾನೇಜರ್. ಸೀತಾರಾಮ ಮುಂದಕ್ಕೆ ಬಾಗಿ ಸಾಯಬಣ್ಣನ ತೋಳು ತಟ್ಟಿ ನಗುತ್ತಿದ್ದ.

ಜಯಸಿಂಹ ಪಾನ್ ಅಂಗಡಿಯ ಮರೆಗೆ ಸರಿದ. ಮೊಣಕಾಲು ಸೆಳೆಯತೊಡಗಿದರೂ ಅವರು ಎದ್ದು ಹೋಗುವ ತನಕ ನಿಂತೇ ಇದ್ದ.

ಒಂದು ಕಾಲಕ್ಕೆ ಬೆಂಗಳೂರಿನ ಹಲಸೂರಿನಿಂದ ಇಬ್ಬರನ್ನೂ ಒಂದೇ ಕಂಪನಿ ಮುಂಬಯಿಗೆ ಕರೆಸಿಕೊಂಡಿತ್ತು. ಹೆಸರಿಗೆ ಗುಮಾಸ್ತರ ಕೆಲಸ, ನಿಜವಾದ ಕೆಲಸ ಮೈದಾನದಲ್ಲಿ. ಬಲಬದಿಯಲ್ಲಿ ಜಯಸಿಂಹ ಚೆಂಡು ಹಿಡಿದು ಓಡಿದರೆ ಕೂಪರೇಜ್ ಮೈದಾನದ ಜನ ಎದ್ದು ನಿಲ್ಲುತ್ತಿದ್ದರು. ಅವನ ದೋಷ ಒಂದೇ. ಯಾರಾದರೂ ಮನಸ್ಸಿಟ್ಟು ಆಡುತ್ತಿಲ್ಲ ಅನ್ನಿಸಿದರೆ ಮುಗಿಯಿತು, ಆ ಮನುಷ್ಯ ಖಾಲಿ ಗೋಲಿನ ಮುಂದೆ ನಿಂತು ಕೂಗಿದರೂ ಚೆಂಡು ಕೊಡುತ್ತಿರಲಿಲ್ಲ. ಹತ್ತು ವರ್ಷ ಪಕ್ಕದಲ್ಲೇ ಆಡಿದ ಸೀತಾರಾಮ ಇದಕ್ಕಾಗಿ ಎಷ್ಟೋ ಸಲ ಅವನನ್ನು ಬೈದಿದ್ದ.

ಮೊಣಕಾಲು ಹೋದ ಮೇಲೆ ಕಂಪನಿ ಜಯಸಿಂಹನನ್ನು ತಂಡದ ಮ್ಯಾನೇಜರ್ ಮಾಡಿತು. ಮ್ಯಾನೇಜರ್ ಅಂದರೆ ಬೂಟು ಕೊಳ್ಳುವವನು, ನಿಂಬೆಹಣ್ಣು ಹೆಚ್ಚುವವನು, ಆಟಗಾರರನ್ನು ಮಧ್ಯಾಹ್ನ ಬಿಟ್ಟುಕೊಡಿ ಎಂದು ಫೋರ್‌ಮನ್‌ಗಳ ಮುಂದೆ ಹಲ್ಲು ಗಿಂಜುವವನು. ಸೀತಾರಾಮ ಬೇರೊಂದು ಕಂಪನಿ ಸೇರಿ, ಬೊರಿವಲಿಯಲ್ಲಿ ಮನೆ ಮಾಡಿ, ಅಲ್ಲೂ ಇದನ್ನೇ ಮಾಡುತ್ತಿದ್ದ.

ಅದು ಎಂಬತ್ತೇಳನೇ ಇಸವಿ. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು, ಉಳಿದ ಕಂಪನಿಗಳಿಗೂ ಫುಟ್‌ಬಾಲ್ ದಂಡ ಅನ್ನಿಸತೊಡಗಿತ್ತು. ಮೊದಲ ಡಿವಿಷನ್ನಿನಿಂದ ಕೆಳಗೆ ಬಿದ್ದರೆ ತಂಡ ಮುಚ್ಚುತ್ತೇವೆ ಎಂದು ಸಾಹೇಬರು ಹೇಳಿಯಾಗಿತ್ತು. ಆಟಗಾರರು ಹದಿನಾಲ್ಕು ಜನ, ಎಲ್ಲರೂ ಟೆಂಪರರಿ. ತಂಡದ ಜೊತೆಗೇ ಅವರ ಕೆಲಸವೂ ಹೋಗುತ್ತಿತ್ತು. ಶನಿವಾರದ ಆಟ ಡ್ರಾ ಆದರೂ ಸಾಕಿತ್ತು. ಸೀತಾರಾಮನ ತಂಡಕ್ಕೆ ಮಾತ್ರ ಗೆಲ್ಲದೆ ಗತಿ ಇರಲಿಲ್ಲ.

ಮನೆಯಲ್ಲಿ ಜಯಸಿಂಹ ಅನ್ನ ಕಲಸಿ ತಟ್ಟೆ ಪಕ್ಕಕ್ಕೆ ಸರಿಸಿದ.

"ಸೀತಾರಾಮ ಬಂದಿದ್ದ. ನಮ್ಮ ಸ್ಟೇಷನ್ ಹತ್ತಿರ" ಎಂದ.

"ಬೊರಿವಲಿಯಿಂದ ಇಷ್ಟು ದೂರ ಬಂದು ನಮ್ಮನೆಗೆ ಬರದೆ ಹೋದರಾ?" ಹೆಂಡತಿ ಸುಮಿತ್ರಾ ಹುಬ್ಬೇರಿಸಿದಳು. "ನನ್ನ ಹುಳಿ ಅಂದರೆ ಪ್ರಾಣ ಬಿಡೋರು!"

"ಮುಖ ತೋರಿಸೋ ಕೆಲಸಕ್ಕೆ ಬಂದಿದ್ದರೆ ತಾನೇ ಬರೋದು" ಎಂದು ಅವನು ಕೈ ತೊಳೆದುಕೊಂಡ.

ಶುಕ್ರವಾರ ಪ್ರಾಕ್ಟೀಸ್ ಮುಗಿದ ಮೇಲೆ ಸಾಯಬಣ್ಣನನ್ನು ಪಕ್ಕಕ್ಕೆ ಕರೆದ. ಕಲಬುರ್ಗಿ ಕಡೆಯ ಆಳು. ಕಟ್ಟಡದ ಕೆಲಸದಲ್ಲಿ ಕೆಳಗಿನಿಂದ ಎಸೆದ ಇಟ್ಟಿಗೆಗಳನ್ನು ಮೇಲಂತಸ್ತಿನಲ್ಲಿ ನಿಂತು ಹಿಡಿಯುತ್ತಿದ್ದ ಇವನ ಕೈ ನೋಡಿ, ಜಯಸಿಂಹನೇ ಮೈದಾನಕ್ಕೆ ಕರೆತಂದಿದ್ದ.

"ನಿನ್ನೆ ಸಂಜೆ ಎಲ್ಲಿದ್ದೆ?"

"ಚೆಂಬೂರಾಗ್ರಿ. ಸೀತಾರಾಮ ಸಾಹೇಬ್ರು ಕರದಿದ್ರು. ಚಾ ಕುಡದೇವ್ರಿ."

"ಬರೀ ಚಾ?"

"ಹೌದ್ರಿ. ನಿಮ್ಮ ಸುದ್ದೀನೇ ಮಾತಾಡಿದ್ರು. ನೀವು ಆಡೂ ಕಾಲದ್ದು." ಸಾಯಬಣ್ಣ ನಕ್ಕ. "ಬಾಳ ನಗಿಸಿದ್ರು ಬಿಡ್ರಿ. ನಿಮ್ಮ ದೋಸ್ತರಲ್ಲೇನ್ರಿ ಅವರು?"

ಇಷ್ಟು ಸಲೀಸಾಗಿ ಸುಳ್ಳು ಹೇಳುವುದನ್ನು ಯಾವಾಗ ಕಲಿತ ಎಂದುಕೊಂಡ ಜಯಸಿಂಹ. ಬೇರೇನೂ ಕೇಳಲಿಲ್ಲ.

ಶನಿವಾರ ರೆಫರಿಗೆ ಕೊಟ್ಟ ಹೆಸರುಗಳಲ್ಲಿ ಗೋಲ್‌ಕೀಪರ್ ಜಾಗದಲ್ಲಿ ರಮಾನಾಥನಿದ್ದ. ಕ್ಯಾಂಟೀನ್ ಸ್ಟೋರಿನ ರಮಾನಾಥ, ಆ ವರ್ಷ ಒಂದು ಪೂರ್ತಿ ಆಟವನ್ನೂ ಆಡಿರದವನು.

"ನಾ ಏನ್ ತಪ್ಪ ಮಾಡೀನ್ರಿ ಸರ್?" ಎಂದ ಸಾಯಬಣ್ಣ.

"ಕೂತ್ಕೋ" ಎಂದ ಜಯಸಿಂಹ.

ಅರ್ಧ ಆಟದವರೆಗೆ ಗೋಲಿಲ್ಲ. ಆಮೇಲೆ ಇಬ್ಬರು ಡಿಫೆಂಡರುಗಳು ಒಬ್ಬರ ಹಿಂದೊಬ್ಬರು ಕುಂಟುತ್ತ ಹೊರಬಂದರು. ಎರಡೇ ಬದಲಾವಣೆಗೆ ಅವಕಾಶ, ಎರಡೂ ಮುಗಿದವು. ಇನ್ನು ಸಾಯಬಣ್ಣನನ್ನು ಇಳಿಸಬೇಕೆಂದರೂ ಆಗುವಂತಿರಲಿಲ್ಲ. ಗೆರೆಯಾಚೆ ನಿಂತ ಮ್ಯಾನೇಜರಿಗೆ ಉಳಿದದ್ದು ಗಂಟಲೊಂದೇ. ಜಯಸಿಂಹ ಕೂಗಿದ, ಕೂಗಿ ಕೂಗಿ ಅದೂ ಕಟ್ಟಿತು.

ಇನ್ನೇನು ಸೀಟಿ ಊದಬೇಕು ಅನ್ನುವಾಗ ಎದುರಾಳಿಗಳು ದೂರದಿಂದ ಒಂದು ಚೆಂಡು ಎತ್ತಿ ಹಾಕಿದರು. ಮೆತ್ತಗೆ ತೇಲಿ ಬಂದ ಚೆಂಡು. ರಮಾನಾಥ ಎರಡೂ ಕೈಗಳಿಂದ ಹಿಡಿದ, ಹಿಡಿದದ್ದು ಜಾರಿತು. ಬೆಂಚಿನ ಮೇಲಿದ್ದ ಸಾಯಬಣ್ಣ ತನ್ನ ಕೈಗಳನ್ನು ಮುಂದೆ ಚಾಚಿ ಎದ್ದು ನಿಂತಿದ್ದ. ಚೆಂಡು ಉರುಳುತ್ತ ಗೆರೆ ದಾಟಿತು.

ಆಟ ಮುಗಿದ ಮೇಲೆ ರಮಾನಾಥ ಗೋಲಿನ ಕಂಬ ಹಿಡಿದು ಅಳುತ್ತಿದ್ದ. ಜಯಸಿಂಹ ಕುಂಟುತ್ತ ಮೈದಾನ ದಾಟಿ ಸೀತಾರಾಮನ ಮುಂದೆ ಹೋಗಿ ನಿಂತ.

"ಅವನನ್ನ ಆಡಿಸಲಿಲ್ಲ, ನೋಡಿದೆಯಲ್ಲ. ನಿನ್ನ ದುಡ್ಡು ದಂಡ ಆಯ್ತು. ಎಷ್ಟು ಕೊಟ್ಟಿದ್ದೆ ಸಾಯಬಣ್ಣಂಗೆ?"

ಸೀತಾರಾಮನ ಮುಖದಲ್ಲಿ ಗೆದ್ದವನ ಕಳೆ ಇರಲಿಲ್ಲ. "ಗೆಲ್ಲದೆ ಹೋಗಿದ್ದರೆ ನಮ್ಮ ತಂಡಾನೂ ಮುಚ್ಚೋರು ಕಣೋ ಜಯ. ನನ್ನ ಹುಡುಗರೂ ಬೀದಿಗೆ ಬೀಳೋರು" ಎಂದ. "ಅವನಿಗೆ ಒಂದು ಪೈಸೆ ಕೊಟ್ಟಿಲ್ಲ. ಅವನು ಗೋಲಿನಲ್ಲಿದ್ದರೆ ನಾವು ಗೆಲ್ಲೋ ಹಾಗಿರಲಿಲ್ಲ, ದುಡ್ಡಿಗೆ ಬಗ್ಗೋ ಆಳೂ ಅಲ್ಲ. ನೀನು ಇಳಿಯೋ ಲೋಕಲ್ ಬರೋ ಹೊತ್ತಿಗೆ ಅವನನ್ನ ನಿನ್ನ ಕಣ್ಣಿಗೆ ಬೀಳೋ ಹಾಗೆ ಕೂರಿಸಿಕೊಂಡೆ, ಅಷ್ಟೇ."

ಸೋಮವಾರ ಸಾಯಬಣ್ಣನೂ ಸೇರಿ ಹದಿನಾಲ್ಕು ಜನರ ಕೆಲಸ ಹೋಯಿತು.