ಹೆಸರೆತ್ತಬಾರದ್ದು

“ಬಿಚಾ,” ಎಂದಳು ಲೂಸಿಯಾ, ಉಸಿರಿನಷ್ಟು ಮೆಲ್ಲಗೆ.

ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವುದನ್ನು ನೋಡಲು ಸ್ಪೇನ್ ದೇಶದಿಂದ ಬಂದ ಹೆಂಗಸು ಅವಳು. ಮಗ್ಗದ ಗುಂಡಿಯಲ್ಲಿ ತುಳಿಯುತ್ತಿದ್ದ ದಾಸಣ್ಣನ ಕಾಲಿನ ಫೋಟೊ ತೆಗೆಯಲು ಬಗ್ಗಿದವಳು ಬಗ್ಗಿದಂತೆಯೇ ಉಳಿದಿದ್ದಳು. ದಾಸಣ್ಣ ಲಾಳಿ ಓಡಿಸುತ್ತಲೇ, “ಏನಂತೆ ದಿವ್ಯಾ?” ಎಂದ.

ಮಗಳು ದಿವ್ಯಾ ಫೋನು ನೋಡಿಕೊಂಡೇ ಸ್ಪ್ಯಾನಿಷ್ ಕಲಿತ ಗಟ್ಟಿಗಿತ್ತಿ. ಬಿಚೊ ಎಂದರೆ ಕೀಟ ಎಂದು ಅವಳಿಗೆ ಗೊತ್ತಿತ್ತು. ಇದೂ ಅದರ ನಂಟೇ ಇರಬೇಕು. “ಜಿರಳೆ ಗಿರಳೆ ಕಂಡೈತೆ ಅಪ್ಪ, ಹೆದರ್ಕೊಂಡವ್ಳೆ,” ಎಂದು ನಕ್ಕಳು. ದಾಸಣ್ಣನೂ ನಕ್ಕ.

ಲೂಸಿಯಾ ನಗಲಿಲ್ಲ. ಬೆರಳು ಮಾಡಿ ತೋರಿಸಲೂ ಇಲ್ಲ. ಪಕ್ಕದಲ್ಲಿದ್ದ ಕಬ್ಬಿಣದ ಸಲಾಕೆಯನ್ನು ತಡಕಿ, ಕೆಡುಕು ತಟ್ಟದಿರಲೆಂದು ತಾಯಿತ ಮುಟ್ಟುವವರಂತೆ ಮುಟ್ಟಿ, ತುಟಿ ಅಲುಗಿಸದೆ ಇನ್ನೊಮ್ಮೆ ಅದೇ ಮಾತು ಹೇಳಿದಳು.

ದಿವ್ಯಾ ನಗು ನಿಲ್ಲಿಸಿದಳು. ದನಿ ತಗ್ಗಿಸಿ, ಹೆಸರು ಬಿಟ್ಟು ಮಾತಾಡುವವರನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಹುತ್ತಕ್ಕೆ ಹಾಲೆರೆಯುವ ದಿನವೂ ಅವ್ವ ಅದರ ಹೆಸರೆತ್ತುತ್ತಿರಲಿಲ್ಲ. ಹೆಸರು ಹೇಳಿದರೆ ಕರೆದಂತೆ ಎಂದು ‘ಹುಳ’ ಎನ್ನುತ್ತಿದ್ದಳು. ಆ ದೂರದ ದೇಶದಲ್ಲೂ ಯಾರೋ ಒಬ್ಬ ಅವ್ವ ಮಗಳಿಗೆ ಹೀಗೆಯೇ ಕಲಿಸಿರಬೇಕು.

“ಅಪ್ಪ, ಕಾಲು ಅಲ್ಲಾಡಿಸ್ಬೇಡ. ಕೆಳಗೆ... ಅವ್ವ ಹೇಳೋ ಹುಳ ಐತೆ.”

ಲಾಳಿ ನಿಂತಿತು. ದಾಸಣ್ಣನ ಮುಖ ಬಿಳಿಚಿಕೊಂಡಿತು. ಅವನ ಬಲಪಾದದ ಮೇಲೆ ತಣ್ಣಗಿನದೇನೋ ಏರಿ ನಿಧಾನವಾಗಿ ಹರಿಯತೊಡಗಿತ್ತು. ಅವನು ಕಣ್ಣು ಮುಚ್ಚಿಕೊಂಡ. ಒಲೆ ಮುಂದಿನಿಂದ ಎದ್ದು ಬಂದ ಹೆಂಡತಿ ಚಿಕ್ಕಕ್ಕ ಬಾಗಿಲಲ್ಲೇ ಬಾಯಿಗೆ ಸೆರಗು ಒತ್ತಿಕೊಂಡಳು. ತಾನು ನಕ್ಕದ್ದು ನೆನಪಾಗಿ ದಿವ್ಯಾಳಿಗೆ ಅಳು ಬಂತು. ಅತ್ತರೆ ಸದ್ದಾಗುತ್ತದೆಂದು ತುಟಿ ಕಚ್ಚಿ ನಿಂತಳು.

ಅದು ಗುಂಡಿಯ ಅಂಚು ಹತ್ತಿ, ಗೋಡೆಯ ಬುಡ ಹಿಡಿದು, ಹಿತ್ತಲ ಬಾಗಿಲು ದಾಟಿತು. ಬಾಲದ ತುದಿಯೂ ಮರೆಯಾದ ಮೇಲೆ ಚಿಕ್ಕಕ್ಕನಿಗೆ ಉಸಿರು ಬಂತು.

“ಹೋಯ್ತು ಕಣ್ರಿ. ಎದ್ದು ಮ್ಯಾಲೆ ಬರ್ರಿ.”

ದಾಸಣ್ಣ ಏಳಲಿಲ್ಲ. ಕಾಲು ಇದ್ದಲ್ಲೇ ಇಟ್ಟುಕೊಂಡು, “ಒಂದೇನಾ ಇದ್ದಿದ್ದು ಅಂತ ಕೇಳು ಆಯಮ್ಮನ್ನ,” ಎಂದ.

ದಿವ್ಯಾ ಕೇಳಿದಳು. ಲೂಸಿಯಾ ಬಗ್ಗಿ ಗುಂಡಿಯೊಳಗೆ ನೋಡಿದಳು. ಅವಳ ಕೈ ಮತ್ತೆ ಸಲಾಕೆಯನ್ನು ತಡಕುತ್ತಿತ್ತು.