ಮೂರನೆಯ ನಿಯಮ

ನಾಟಕ ಕಂಪನಿಯ ಆ ದೊಡ್ಡ ನಟ ತೀರಿಕೊಂಡು ವರ್ಷವಾಗಿತ್ತು. ಅವನನ್ನೇ ಪಾತ್ರ ಮಾಡಿ ಅಭಿಮಾನಿಗಳು ಬರೆದ ಕತೆಗಳ ಸಂಕಲನವೊಂದನ್ನು ತರಲು ಅಭಿಮಾನಿ ಸಂಘ ಹೊರಟಿತ್ತು. ಕತೆ ಆರಿಸುವ ಕೆಲಸ ಅವನ ಒಬ್ಬಳೇ ಮಗಳದು. ಅವಳು ಮೂರು ನಿಯಮ ಹಾಕಿದ್ದಳು: ಬದುಕಿರುವವರನ್ನು ಹೀಯಾಳಿಸಬಾರದು, ಹತ್ತು ಪುಟ ಮೀರಬಾರದು, ನಿಜವಾಗಿ ನಡೆದದ್ದನ್ನು ಬರೆಯದೆ ಎಲ್ಲವನ್ನೂ ಕಲ್ಪಿಸಿಯೇ ಬರೆಯಬೇಕು.

ಕೊನೆಯ ದಿನ ಮುದುಕ ಟೇಲರ್ ಒಬ್ಬ ತನ್ನ ಕತೆ ತಂದ. ನಲವತ್ತು ವರ್ಷ ಆ ನಟನ ಒಂದು ನಾಟಕವನ್ನೂ ತಪ್ಪಿಸಿದವನಲ್ಲ. ಕತೆ ಕೊಟ್ಟ ಮೇಲೂ ಎದ್ದು ಹೋಗಲಿಲ್ಲ.

"ಅಕ್ಕಾರ, ಆರನೇ ಪುಟ ತಗದ ಬಿಡ್ರಿ."

"ಯಾಕ್ರಿ?"

"ಬರಿಯೂ ಮುಂದ ಮೂರನೇ ನಿಯಮ ನೆನಪಾಗ್ಲಿಲ್ಲ. ಖರೇನ ನಡದಿದ್ದನ್ನ ಬರದಂಗ ಆಗೇತಿ."

ಅವಳು ಆರನೆಯ ಪುಟ ತೆಗೆದಳು. ಅದರಲ್ಲಿ ನಟ ರಾಜನ ವೇಷಕ್ಕೆ ಅರ್ಧ ಬಣ್ಣ ಬಳಿದುಕೊಂಡಿದ್ದ. ನಾಟಕ ಶುರುವಾಗುವ ಬೆಲ್ ಆದರೂ ಏಳದೆ, ಪುಟ್ಟ ಮಗಳನ್ನು ಮುಂದೆ ಕೂರಿಸಿಕೊಂಡು ಎರಡು ಜಡೆ ಹೆಣೆಯುತ್ತಿದ್ದ. "ಬಿಗಿ ಆತೇನವ್ವಾ?" ಎಂದು ಕೇಳಿ, ಬಿಚ್ಚಿ ಮತ್ತೆ ಹೆಣೆಯುತ್ತಿದ್ದ.

ಅವಳು ಅದನ್ನು ಎರಡು ಸಲ ಓದಿದಳು.

"ನಮ್ಮಂಥಾ ಹೊರಗಿನವರನ್ನೂ ತಬ್ಬಿಕೊಂಡು ಮಾತಾಡಸ್ತಿದ್ರು. ಸ್ವಂತ ಮಗಳಿಗೆ ಇಷ್ಟಾದ್ರೂ ಮಾಡಿರೂದಿಲ್ಲೇನ್ರಿ? ತಪ್ಪಾತು, ಹರದ ಒಗೀರಿ" ಎಂದ ಟೇಲರ್.

ಅವಳು ಆ ಪುಟವನ್ನು ಅದರ ಜಾಗಕ್ಕೇ ಸೇರಿಸಿ ಪಿನ್ ಹೊಡೆದಳು.

"ಇರ್ಲಿ ಬಿಡ್ರಿ. ಈ ಪುಟ ನಿಯಮ ಮುರದಿಲ್ಲ."