ಹಸನ್‌ಸಾಬ್ ಗೇಟು ದಾಟಿದ್ದು

ಹಸನ್‌ಸಾಬನಿಗೆ ಅವತ್ತು ಹೇಗಾದರೂ ಗೇಟು ದಾಟಲೇಬೇಕಿತ್ತು. ಬೆಳಿಗ್ಗೆ ಹತ್ತರಿಂದ ಕಂಬಿ ಹಿಡಿದು ನಿಂತಿದ್ದ. ಕಾಲ ಬಳಿ ಒಂದು ಕೈಚೀಲ. ಅದರಲ್ಲಿ ಎರಡು ಜೊತೆ ಬಟ್ಟೆ, ಬಿಪಿ ಗುಳಿಗೆ, ಹಲ್ಲುಪುಡಿ.

"ಬೀಗ ತೆಗಿಯವ್ವಾ ಗಾಯತ್ರಿ. ನಿನ್ನ ಕಾಲು ಬೀಳ್ತೀನಿ."

"ಹಂಗ ಅನಬ್ಯಾಡ್ರಿ ಚಾಚಾ. ಆಸೀಮಣ್ಣ ಹೇಳದ ನಾ ತೆಗಿಯೂ ಹಂಗಿಲ್ಲ."

ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯಲ್ಲಿ, ಕಾಲುವೆಯ ಪಕ್ಕ, ಆರು ಕೋಣೆಯ ಆಶ್ರಮ ಅದು. ಹನ್ನೊಂದು ಮಂದಿ ವಯಸ್ಸಾದವರು, ನಾಲ್ವರು ಅಂಗವಿಕಲರು. ನೋಡಿಕೊಳ್ಳಲು ಗಾಯತ್ರಿ, ಅಡುಗೆಗೆ ಆದಮ್ಮ. ಇರುವುದು ಒಂದೇ ಗೇಟು. ಗಾಯತ್ರಿ ಕೆಟ್ಟವಳಲ್ಲ. ಮಕ್ಕಳು ಸಹಿ ಹಾಕಿದ ಕಾಗದದ ಮುಂದೆ ಮುದುಕರ ಮಾತು ನಡೆಯುವುದಿಲ್ಲ, ಅಷ್ಟೇ.

ಸಹಿ ಹಾಕಿದವನು ಮಗ ಆಸೀಮ್. ಐದು ತಿಂಗಳ ಹಿಂದೆ ತನ್ನ ಆಟೋದಲ್ಲೇ ಇಲ್ಲಿಗೆ ಕರೆತಂದಿದ್ದ. "ಅಬ್ಬಾ, ನನ್ನ ಕೈಲೆ ಆಗವಲ್ದು" ಎಂದು ಅತ್ತಿದ್ದ. ತಮ್ಮೂರು ಮುಕ್ಕುಂದದ ಒಂದೇ ಕೋಣೆಯಲ್ಲಿ ನಲವತ್ತೊಂಬತ್ತು ವರ್ಷ ಬದುಕಿದ ಗಂಡ ಹೆಂಡತಿಯನ್ನು ಒಂದು ಆಟೋ ಅರ್ಧ ಗಂಟೆಯಲ್ಲಿ ಬೇರೆ ಮಾಡಿತ್ತು.

ಅವತ್ತಿನಿಂದ ಅವನ ಬಾಯಲ್ಲಿ ಒಂದೇ ಹೆಸರು, ಜುಬೇದಾ. ಒಮ್ಮೆ ಹಾಲಿನವನ ಬೆನ್ನಿಗೇ ನುಸುಳಿದ. ಆದಮ್ಮ ರಟ್ಟೆ ಹಿಡಿದು ವಾಪಸ್ ತಂದು ಬಿಟ್ಟಳು. ಇನ್ನೊಮ್ಮೆ ಹಿಂದಿನ ಗೋಡೆ ಹತ್ತಲು ಹೋಗಿ ಮಂಡಿ ತರಚಿಕೊಂಡ. ಗಾಯತ್ರಿಯೇ ಅರಿಶಿನ ಹಚ್ಚಿದಳು. ಎಪ್ಪತ್ತಾರರ ಮುದುಕ ಗೋಡೆ ಹತ್ತಿದರೆ ಜನ ಏನೆನ್ನುತ್ತಾರೆ? ಅರವತ್ತಕ್ಕೆ ಅರಳು ಮರಳು ಎನ್ನುತ್ತಾರೆ. ಆದಮ್ಮನೂ ಅದನ್ನೇ ಅಂದು ನಕ್ಕಳು. ನಗುವವರಿಗೇನು, ಒಬ್ಬನೇ ಕೂತು ಉಣ್ಣುವ ಸಂಕಟ ಉಂಡವನಿಗೇ ಗೊತ್ತು.

"ನಾ ರೊಟ್ಟಿ ಮುರಿದು ಕೊಡದ ಜುಬೇದಾ ಉಣ್ಣಾಕಿ ಅಲ್ಲವ್ವಾ," ಎಂದ.

"ಆಕಿ ಆರಾಮ ಅದಾರ್ರಿ. ನಿಮ್ಮನ್ನ ಬಿಟ್ರ ಆಕಿಗೇ ತ್ರಾಸು. ಹಿಂದಿನ ಸಲ ನಿಮ್ಮನ್ನ ನೋಡಿದ ಮ್ಯಾಲ ಎರಡು ದಿನ ತುತ್ತು ಬಾಯಾಗ ಇಡಲಿಲ್ಲ. ನೆನಪೈತಿಲ್ಲೋ?"

"ಬಿಟ್ಟು ಹೋದೆ ಅಂತ ಸಿಟ್ಟು ಆಕಿಗೆ. ಈ ಸಲ ಬಿಟ್ಟು ಹೋಗೂದಿಲ್ಲ. ಸಾಯೂತನಕ ಆಕಿ ಕೂಡೇ ಇರ್ತೀನಿ."

ಗಾಯತ್ರಿ ಮುಖ ತಿರುಗಿಸಿದಳು. ಹೇಳಬೇಕಾದ ಮಾತೊಂದು ಎಷ್ಟೋ ದಿನದಿಂದ ಅವಳ ಗಂಟಲಲ್ಲೇ ಇತ್ತು. ಇಂಥ ಮುಖ ನೋಡಿ ಅದನ್ನು ಹೇಳುವ ಧೈರ್ಯ ಯಾರಿಗಿದೆ?

"ಬಿಸಿಲು ಬಾಳ ಐತಿ, ಗಿಡದ ನೆರಳಿಗೆ ಕುಂದರ್ರಿ," ಎಂದಷ್ಟೇ ಹೇಳಿ, ಆಸೀಮನಿಗೆ ಫೋನು ಹಚ್ಚಿದಳು. "ಅಣ್ಣಾ, ಚಾಚಾ ಮತ್ತ ಶುರು ಮಾಡ್ಯಾರ. ಜಲ್ದಿ ಬರ್ರಿ."

ಹನ್ನೆರಡೂವರೆಗೆ ಊಟದ ಗಂಟೆಯಾಯಿತು. ಗಾಯತ್ರಿ ಕೀಲಿಯನ್ನು ಮೊಳೆಗೆ ತಗುಲಿಸಿ ಬಡಿಸಲು ಹೋದಳು. ಗೇಟಿನ ಬಳಿ ಉಳಿದವನು ವಿರೇಶ ಒಬ್ಬನೇ. ನಲವತ್ತು ವರ್ಷದವನು, ಸೊಂಟದ ಕೆಳಗೆ ಸ್ವಾಧೀನವಿಲ್ಲ. ಹಸನ್‌ಸಾಬ್ ಸೈಕಲ್ ರಿಪೇರಿಯಲ್ಲೇ ಮುದುಕನಾದವನು. ಇದೇ ಗೇಟಿನ ಬಳಿ ಕೂತು ವಿರೇಶನ ಗಾಲಿಕುರ್ಚಿಗೆ ಎರಡು ಸಲ ಪಂಕ್ಚರ್ ಹಾಕಿಕೊಟ್ಟಿದ್ದ.

"ವಿರೇಶಾ, ಆ ಕೀಲಿ ತಗೋಳೋ."

"ಗಾಯತ್ರಕ್ಕ ಬೈತಾಳ ಚಾಚಾ."

"ನಿನಗ ಕಾಲಿಲ್ಲ. ನನಗ ಇದ್ದೂ ಇಲ್ಲ. ನಾವಿಬ್ರೂ ಒಂದ ಜಾತಿಯೋ ತಮ್ಮಾ."

ವಿರೇಶ ಅಡುಗೆಮನೆಯ ಕಡೆ ನೋಡಿದ. ಮುದುಕನ ಕಣ್ಣು ನೋಡಿದ. ಆಮೇಲೆ ಕುರ್ಚಿ ತಿರುಗಿಸಿ ಕೀಲಿ ತಂದು, ತಾನೇ ಬೀಗ ತೆಗೆದ.

ಹಸನ್‌ಸಾಬ್ ದಾಟಿದ. ಓಡಬೇಕೆನಿಸಿತು, ಮಂಡಿ ಬಿಡಲಿಲ್ಲ. ಚೀಲ ಎದೆಗವಚಿಕೊಂಡು, ಹಿಂದೆ ನೋಡದೆ, ಬಿರಬಿರನೆ ನಡೆದ. "ಚಾಚಾ, ನಿಂದರ್ರಿ!" ಎಂಬ ಗಾಯತ್ರಿಯ ಕೂಗು ಕೇಳಿಸಿತು. ನಿಲ್ಲಲಿಲ್ಲ. ಬೇವಿನ ಗಿಡ ಹಿಂದಾಯಿತು, ನೀರಿನ ತೊಟ್ಟಿ ಹಿಂದಾಯಿತು. ಯಾರೂ ಹಿಡಿಯುವ ಮೊದಲೇ ಮೆಟ್ಟಿಲು ಹತ್ತಿ, ಆಶ್ರಮದ ಪಡಸಾಲೆಯೊಳಗೆ, ಸಾಲಾಗಿ ಉಣ್ಣಲು ಕುಳಿತವರ ನಡುವೆ ಬಂದು ನಿಂತ. ಐದು ತಿಂಗಳಿಂದ ದಿನಾ ಮುಕ್ಕುಂದದ ಬಸ್ಸಿಳಿದು ಹೊರಗೇ ನಿಂತು ಹೋಗುತ್ತಿದ್ದವನು ಕೊನೆಗೂ ಒಳಗಿದ್ದ.

ಕಿಟಕಿಯ ಬಳಿ ಜುಬೇದಾಬೀ ಅನ್ನ ಕಲಸುತ್ತಿದ್ದಳು.

"ಜುಬೇದಾ, ಬಂದೀನಿ ನೋಡು," ಎಂದ.

ಅವಳು ತಲೆ ಎತ್ತಿದಳು. ತಟ್ಟೆ ಉರುಳಿತು. ಎಪ್ಪತ್ತರ ಆ ಹೆಂಗಸು ಸೆರಗನ್ನು ಗದ್ದದವರೆಗೆ ಎಳೆದುಕೊಂಡು, ತನ್ನ ಮಗಳ ವಯಸ್ಸಿನ ಗಾಯತ್ರಿಯ ಬೆನ್ನ ಹಿಂದೆ ಅಡಗಿಕೊಂಡಳು.

"ಅಕ್ಕಾ, ಈ ಮುದುಕನ್ನ ಹೊರಗ ಹಾಕ್ರಿ, ನಾಳೆ ನನ್ನ ನಿಕಾ ಐತಿ, ಪರಗಂಡಸು ನನ್ನ ಮಾರಿ ನೋಡಿದ ಅಂತ ಗೊತ್ತಾದ್ರ ಮುಕ್ಕುಂದದ ಹಸನ್‌ಸಾಬ್ ನನ್ನ ಒಲ್ಲೆ ಅಂತಾನ."